ಚಪ್ಪಾಳೆ ಬಂತು, ಸಮೀಕರಣ ಬರಲಿಲ್ಲ: ರಸಾಯನಶಾಸ್ತ್ರ ಕಲಿಸುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮೆಗ್ನೀಸಿಯಂ ಪಟ್ಟಿ ಉರಿಸಿ ತೋರಿಸಿದರೆ ಇಡೀ ತರಗತಿ ಚಪ್ಪಾಳೆ ತಟ್ಟುತ್ತದೆ. ಮರುದಿನ ‘ನಿನ್ನೆ ಏನಾಯಿತು?’ ಎಂದು ಕೇಳಿದರೆ ‘ಬಿಳಿ ಬೆಳಕು ಬಂತು’ ಎನ್ನುತ್ತಾರೆ, ಅಷ್ಟೇ. ಸಮೀಕರಣ ಬರೆಯಿರಿ ಎಂದರೆ ಮೌನ. ಇನ್ನೂ ಆಕರ್ಷಕವಾದ ಪ್ರಯೋಗಗಳು ಬೇಕೇ?

ಬೇಡ. ಈಗಿರುವ ಪ್ರಯೋಗವೇ ಸಾಕು, ಅದರ ಸುತ್ತ ನಡೆಯುವ ಕೆಲಸ ಬದಲಾಗಬೇಕು.

ಮಕ್ಕಳು ಪ್ರಾಮಾಣಿಕವಾಗಿಯೇ ಉತ್ತರಿಸಿದ್ದಾರೆ. ಕಂಡದ್ದನ್ನು ಹೇಳಿದ್ದಾರೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟೋನ್ 1980ರ ದಶಕದಲ್ಲೇ ಇದರ ಮೂಲವನ್ನು ಗುರುತಿಸಿದರು. ರಸಾಯನಶಾಸ್ತ್ರ ಒಂದೇ ಹೊತ್ತಿಗೆ ಮೂರು ನೆಲೆಗಳಲ್ಲಿ ನಡೆಯುತ್ತದೆ ಎಂಬುದು ಅವರ ಮಾತು. ಒಂದು, ಕಣ್ಣಿಗೆ ಕಾಣುವುದು: ಹೊಳೆವ ಬೆಳಕು, ಉಳಿದ ಬಿಳಿ ಪುಡಿ. ಎರಡು, ಕಾಣದ ಕಣಗಳ ಲೋಕ: ಮೆಗ್ನೀಸಿಯಂ ಪರಮಾಣುಗಳಿಂದ ಆಕ್ಸಿಜನ್ ಪರಮಾಣುಗಳಿಗೆ ಎಲೆಕ್ಟ್ರಾನ್‌ಗಳು ಸಾಗಿ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು ಆಗುವುದು. ಮೂರು, ಬರಹ: ಸಂಕೇತ, ಸೂತ್ರ, ಸಮೀಕರಣ. ವರ್ಷಗಟ್ಟಲೆ ಕಲಿಸಿದ ನಾವು ಈ ಮೂರರ ನಡುವೆ ಓಡಾಡುತ್ತಿದ್ದೇವೆ ಎಂಬುದೇ ನಮಗೆ ಅರಿವಾಗುವುದಿಲ್ಲ. ಹೊಸದಾಗಿ ಕಲಿಯುವ ಮಗುವಿಗೆ ಮೂರನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡುವುದು ಆಗದ ಮಾತು. ನಾವು ಬೆಳಕು ತೋರಿಸಿ ನೇರ ಸಮೀಕರಣಕ್ಕೆ ಹಾರುತ್ತೇವೆ. ನಡುವಿನ ನೆಲೆ ಖಾಲಿ ಉಳಿಯುತ್ತದೆ. ಅದಿಲ್ಲದೆ ಸಮೀಕರಣ ಬರೀ ಅಕ್ಷರಗಳ ಸಾಲು.

ಹಾಗಾಗಿ ಮೊದಲು ನೋಡುವುದು, ಆಮೇಲೆ ಕಣಗಳ ಚಿತ್ರ ಬಿಡಿಸುವುದು, ಕೊನೆಯಲ್ಲಿ ಬರೆಯುವುದು ಎಂಬ ಕ್ರಮವನ್ನು ಹಟ ಹಿಡಿದು ಪಾಲಿಸಿ. ನೀವು ತಯಾರಿಸುವ ಪ್ರತಿ ಕಾರ್ಯಪತ್ರದಲ್ಲೂ ‘ಕಂಡದ್ದು’, ‘ಕಣಗಳ ಚಿತ್ರ’, ‘ಬರಹ’ ಎಂಬ ಮೂರು ಖಾನೆಗಳಿರಲಿ. ನಡುವಿನ ಖಾನೆಯೇ ಎಲ್ಲಕ್ಕಿಂತ ದೊಡ್ಡದಾಗಿರಲಿ.

ಒಂದು ಪಾಠವನ್ನು ಪೂರ್ತಿ ಹೇಳುತ್ತೇನೆ. ತೂಕದ ಯಂತ್ರದ ಮೇಲೆ ಉಷ್ಣ ತಡೆಯುವ ತಟ್ಟೆ ಇಡಿ. ಅದರಲ್ಲಿ ಸಡಿಲವಾಗಿ ಬಿಡಿಸಿದ ಅತಿ ನಯವಾದ ಉಕ್ಕಿನ ನಾರು. ಉರಿಸುವ ಮೊದಲು ಒಂದೇ ಪ್ರಶ್ನೆ: ಉರಿದ ಮೇಲೆ ತೂಕ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ, ಹಾಗೇ ಇರುತ್ತದೆಯೋ? ಪ್ರತಿಯೊಬ್ಬರೂ ಉತ್ತರವನ್ನೂ ಕಾರಣವನ್ನೂ ಬರೆಯಬೇಕು. ಕೈ ಎತ್ತಿಸಿದರೆ ಸಾಲದು. ಕೈ ಎತ್ತುವಾಗ ಪಕ್ಕದವರನ್ನು ನೋಡುತ್ತಾರೆ, ಬರೆಯುವಾಗ ತಮ್ಮ ಊಹೆಗೆ ತಾವೇ ಹೊಣೆಯಾಗುತ್ತಾರೆ. ಹೆಚ್ಚಿನವರು ‘ಕಡಿಮೆಯಾಗುತ್ತದೆ’ ಎಂದೇ ಬರೆಯುತ್ತಾರೆ. ಉರಿದದ್ದು ಹಗುರವಾಗುತ್ತದೆ ಎಂಬುದು ಅವರ ನಿತ್ಯದ ಅನುಭವ. ಈಗ ಉರಿಸಿ. ಕಿಡಿಗಳು ಹರಿದಾಡುತ್ತವೆ, ಅಂಕಿ ನಿಧಾನವಾಗಿ ಮೇಲೇರುತ್ತದೆ. ಆ ಅಂಕಿ ನೋಡಿದಾಗ ತರಗತಿಯಲ್ಲಿ ಏಳುವ ಗದ್ದಲಕ್ಕೆ ಚಪ್ಪಾಳೆಗಿಂತ ಹೆಚ್ಚು ಬೆಲೆಯಿದೆ. ತಮ್ಮ ಊಹೆ ಯಾಕೆ ಕೈಕೊಟ್ಟಿತು ಎಂಬುದು ಈಗ ಅವರದೇ ಪ್ರಶ್ನೆ.

ಇಲ್ಲಿ ನೀವು ಬಾಯಿ ಬಿಡಬೇಡಿ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಆಸುಪಾಸಿನಲ್ಲೇ ಮುಂದಿನ ಮಾತಿಗೆ ಹೋಗುತ್ತಾರೆ ಎಂಬುದನ್ನು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡರು. ಮೂರು ಸೆಕೆಂಡ್ ಕಾದರೂ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಮಾತಾಡುತ್ತಾರೆ. ಖರ್ಚಿಲ್ಲದ ಬೋಧನಾ ಸಾಧನ ಇದು.

ಆಮೇಲೆ ಚಿತ್ರ. ಉರಿಯುವ ಮುನ್ನ ಕಬ್ಬಿಣದ ಪರಮಾಣುಗಳು ಎಲ್ಲಿದ್ದವು, ಆಕ್ಸಿಜನ್ ಎಲ್ಲಿತ್ತು, ಉರಿದ ಮೇಲೆ ಎರಡೂ ಎಲ್ಲಿವೆ? ಹೆಚ್ಚಿದ ತೂಕ ಎಲ್ಲಿಂದ ಬಂತೆಂದು ಚಿತ್ರದಲ್ಲೇ ತೋರಿಸಲಿ. ಸಮೀಕರಣ ಆಮೇಲೆ, ಆ ಚಿತ್ರದ ಸಂಕ್ಷೇಪವಾಗಿ.

ಮರುದಿನ ಅದೇ ಯಂತ್ರದ ಮೇಲೆ ಮೇಣದ ಬತ್ತಿ ಹಚ್ಚಿ. ಈ ಸಲ ತೂಕ ಇಳಿಯುತ್ತದೆ. ನಿನ್ನೆ ಏರಿದ್ದು ಇವತ್ತು ಇಳಿದದ್ದೇಕೆ? ಕಬ್ಬಿಣದ ಆಕ್ಸೈಡ್ ತಟ್ಟೆಯಲ್ಲೇ ಉಳಿಯಿತು, ಮೇಣದಿಂದಾದ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಆವಿ ಗಾಳಿಗೆ ಹೋದವು. ಕ್ರಿಯೆಯಲ್ಲಿ ಒಟ್ಟು ರಾಶಿ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ ಎಂಬ ರಾಶಿ ಸಂರಕ್ಷಣಾ ನಿಯಮ ಎರಡೂ ಕಡೆ ಒಂದೇ. ಈ ಜೋಡಿಯನ್ನು ತಾವೇ ಬಿಡಿಸಿಕೊಂಡ ಮಕ್ಕಳು ಆ ನಿಯಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಅಂದ ಹಾಗೆ, ಮೆಗ್ನೀಸಿಯಂ ಉರಿಯನ್ನು ನೇರವಾಗಿ ದಿಟ್ಟಿಸಲು ಮಕ್ಕಳನ್ನು ಬಿಡಬೇಡಿ. ಆ ಬೆಳಕು ಕಣ್ಣಿಗೆ ಹಾನಿ ಮಾಡುತ್ತದೆ.

ಪ್ರಶ್ನೆ: ಮೋಲ್ ಪರಿಕಲ್ಪನೆ ಬಂದ ಕೂಡಲೇ ಮಕ್ಕಳು ಸೋಲುತ್ತಾರೆ. ‘ಡಜನ್ ಅಂದರೆ ಹನ್ನೆರಡು, ಹಾಗೆಯೇ ಮೋಲ್’ ಎಂದು ಹೇಳಿದರೂ ಲೆಕ್ಕ ಬರುವುದಿಲ್ಲ.

ಮೋಲ್ ಎಂದರೆ ಒಂದು ಎಣಿಕೆ ಎಂಬುದನ್ನು ಡಜನ್ ಹೇಳುತ್ತದೆ. ಆದರೆ ಎಣಿಸಲು ತೂಗಬೇಕು ಎಂಬುದನ್ನು ಅದು ಹೇಳುವುದಿಲ್ಲ, ಮಕ್ಕಳು ಎಡವುವುದು ಅಲ್ಲೇ. ನಾಣ್ಯಗಳ ಮೂಟೆಯನ್ನು ಒಂದೊಂದಾಗಿ ಎಣಿಸದೆ ತೂಗಿ ಲೆಕ್ಕ ಹಾಕುವ ಹೋಲಿಕೆ ಹೆಚ್ಚು ಹತ್ತಿರದ್ದು. ಒಂದು ನಾಣ್ಯದ ತೂಕ ಗೊತ್ತಿದ್ದರೆ ಮೂಟೆಯಲ್ಲಿ ಎಷ್ಟಿವೆ ಎಂದು ಹೇಳಬಹುದು.

ಹೋಲಿಕೆಗಿಂತ ವಸ್ತು ಮೇಲು. ಮುಚ್ಚಳವಿರುವ ಒಂದೇ ಅಳತೆಯ ಪಾರದರ್ಶಕ ಡಬ್ಬಿಗಳಲ್ಲಿ ಒಂದೊಂದು ಮೋಲ್ ತುಂಬಿ ಮೇಜಿನ ಮೇಲಿಡಿ: 18 ಗ್ರಾಂ ನೀರು, 27 ಗ್ರಾಂ ಅಲ್ಯೂಮಿನಿಯಂ, 56 ಗ್ರಾಂ ಕಬ್ಬಿಣ, 63.5 ಗ್ರಾಂ ತಾಮ್ರ, 342 ಗ್ರಾಂ ಸಕ್ಕರೆ. ಯಾವುದರಲ್ಲಿ ಕಣಗಳು ಹೆಚ್ಚು ಎಂದು ಕೇಳಿ. ಬಹುಪಾಲು ಬೆರಳುಗಳು ಸಕ್ಕರೆಯತ್ತ ಹೋಗುತ್ತವೆ. ಎಲ್ಲದರಲ್ಲೂ ಒಂದೇ ಸಂಖ್ಯೆ, 6.022 ಗುಣಿಸು 10ರ 23ನೇ ಘಾತ. (2019ರಿಂದ ಈ ಸಂಖ್ಯೆ ಅಳತೆಯ ಫಲಿತಾಂಶವಲ್ಲ. 6.02214076 ಗುಣಿಸು 10ರ 23ನೇ ಘಾತ ಎಂದು ನಿಗದಿ ಮಾಡಿ ಮೋಲ್‌ಗೆ ವ್ಯಾಖ್ಯೆ ಕೊಟ್ಟಿದ್ದಾರೆ.) ಆ ಐದು ಡಬ್ಬಿಗಳನ್ನು ವರ್ಷವಿಡೀ ತರಗತಿಯಲ್ಲೇ ಇಡಿ. ಕೈಯಲ್ಲಿ ಹಿಡಿದು ನೋಡಿದ ಮೋಲ್ ಹೆದರಿಸುವುದಿಲ್ಲ.

ನಂತರ ಲೆಕ್ಕವನ್ನು ಪ್ರಯೋಗದಿಂದಲೇ ಹುಟ್ಟಿಸಿ. 0.56 ಗ್ರಾಂ ಕಬ್ಬಿಣದ ಪುಡಿಯನ್ನು ಬೇಕಾದ್ದಕ್ಕಿಂತ ಹೆಚ್ಚು ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಹಾಕಿ ಕಲಕಿ, ಸೋಸಿ, ತೊಳೆದು, ಒಣಗಿಸಿ ತೂಗಿದರೆ ಸುಮಾರು 0.64 ಗ್ರಾಂ ತಾಮ್ರ ಸಿಗಬೇಕು. ಹಾಕಿದ್ದಕ್ಕಿಂತ ಹೆಚ್ಚು ಬಂತಲ್ಲ, ಯಾಕೆ? ಹೋದ ಪ್ರತಿ ಕಬ್ಬಿಣದ ಪರಮಾಣುವಿನ ಜಾಗಕ್ಕೆ ಅದಕ್ಕಿಂತ ಭಾರವಾದ ಒಂದು ತಾಮ್ರದ ಪರಮಾಣು ಬಂದಿದೆ. ನಿಮ್ಮ ಅಂಕಿ ಸರಿಯಾಗಿ 0.64 ಬರದಿದ್ದರೆ ತಿದ್ದಬೇಡಿ. ಒದ್ದೆ ತಾಮ್ರ ಗಾಳಿಯ ಆಕ್ಸಿಜನ್ ಹಿಡಿಯಿತೇ, ಸೋಸುವಾಗ ಪುಡಿ ಸೋರಿತೇ ಎಂಬ ಚರ್ಚೆಯೇ ಒಂದು ಪಾಠ.

ಸಮೀಕರಣ ಸರಿದೂಗಿಸುವಾಗ ಮಕ್ಕಳು ಎಚ್ ಟು ಒ ಎಂಬುದರ ಒಳಗಿನ ಅಂಕಿಯನ್ನೇ ಬದಲಿಸುತ್ತಾರೆ. ರಟ್ಟಿನ ಬಿಲ್ಲೆಗಳಲ್ಲಿ ಅಣುಗಳನ್ನು ಕಟ್ಟಿಸಿ. ನೀರಿನ ಅಣುವಿಗೆ ಇನ್ನೊಂದು ಆಕ್ಸಿಜನ್ ಅಂಟಿಸಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್, ನೀರಲ್ಲ. ಅಣುಗಳ ಸಂಖ್ಯೆ ಬದಲಿಸಬಹುದು, ಅಣುವನ್ನೇ ಬದಲಿಸುವಂತಿಲ್ಲ ಎಂಬುದು ಆಗ ಕೈಗೇ ತಿಳಿಯುತ್ತದೆ.

ಪ್ರಶ್ನೆ: ಆವರ್ತ ಕೋಷ್ಟಕವನ್ನು ಹಾಡು ಕಟ್ಟಿ ಬಾಯಿಪಾಠ ಮಾಡಿಸುತ್ತೇನೆ. ಇದಕ್ಕಿಂತ ಒಳ್ಳೆಯ ದಾರಿ ಇದೆಯೇ?

ಇದೆ. ಹಾಡಿನಿಂದ ಕ್ರಮ ನೆನಪಿರುತ್ತದೆ, ಆ ಕ್ರಮ ಯಾಕೆ ಎಂಬುದು ತಿಳಿಯುವುದಿಲ್ಲ. ಕೋಷ್ಟಕದ ನಿಜವಾದ ಸೊಗಸು ಅದರ ಖಾಲಿ ಮನೆಗಳಲ್ಲಿತ್ತು. ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ 1869ರಲ್ಲಿ ಕೋಷ್ಟಕ ಪ್ರಕಟಿಸಿದಾಗ ಕೆಲವು ಮನೆಗಳನ್ನು ಖಾಲಿ ಬಿಟ್ಟರು. 1871ರಲ್ಲಿ ಆ ಮನೆಗೆ ಬರಬೇಕಾದವರ ಲಕ್ಷಣಗಳನ್ನು ಮುಂಗಡವಾಗಿ ಬರೆದೂಬಿಟ್ಟರು. ಸಿಲಿಕಾನ್‌ನ ಕೆಳಗಿನ ಮನೆಯ ಧಾತುವಿಗೆ ಪರಮಾಣು ತೂಕ 72, ಸಾಂದ್ರತೆ 5.5, ಅದರ ಕ್ಲೋರೈಡ್ 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಕುದಿಯುತ್ತದೆ ಎಂದರು. 1886ರಲ್ಲಿ ಜರ್ಮನಿಯ ಕ್ಲೆಮೆನ್ಸ್ ವಿಂಕ್ಲರ್ ಜರ್ಮೇನಿಯಂ ಕಂಡುಹಿಡಿದರು. ಪರಮಾಣು ತೂಕ 72.6, ಸಾಂದ್ರತೆ 5.3, ಕ್ಲೋರೈಡ್‌ನ ಕುದಿಬಿಂದು ಸುಮಾರು 84 ಡಿಗ್ರಿ.

ಇದನ್ನು ಕಥೆಯಾಗಿ ಹೇಳಿ ಮುಗಿಸಬೇಡಿ, ಮಕ್ಕಳಿಂದಲೇ ಮಾಡಿಸಿ. ಸಿಲಿಕಾನ್ ಮತ್ತು ತವರದ ಕಾರ್ಡುಗಳನ್ನು ಕೊಡಿ. ಸಿಲಿಕಾನ್: ಪರಮಾಣು ತೂಕ 28.1, ಸಾಂದ್ರತೆ 2.3, ಕ್ಲೋರೈಡ್ ಕುದಿಯುವುದು 58 ಡಿಗ್ರಿಯಲ್ಲಿ. ತವರ: 118.7, 7.3, 114 ಡಿಗ್ರಿ. ನಡುವಿನ ಕಾರ್ಡನ್ನು ಖಾಲಿ ಕೊಟ್ಟು ತುಂಬಲು ಹೇಳಿ. ಬರೀ ಸರಾಸರಿ ತೆಗೆದರೂ 73.4, 4.8 ಮತ್ತು 86 ಬರುತ್ತವೆ. ಆಮೇಲೆ ಜರ್ಮೇನಿಯಂ ಕಾರ್ಡು ತೆರೆಯಿರಿ. ಎರಡು ಅಂಕಿಗಳು ಬಹಳ ಹತ್ತಿರ, ಸಾಂದ್ರತೆ ಮಾತ್ರ ತುಸು ದೂರ. ಮೆಂಡಲೀವ್ ಮೇಲಿನ, ಕೆಳಗಿನ ಮನೆಗಳ ಜೊತೆಗೆ ಅಕ್ಕಪಕ್ಕದ ಮನೆಗಳನ್ನೂ ನೋಡುತ್ತಿದ್ದರು ಎಂದು ತಿಳಿಸಿ, ಪಕ್ಕದ ಗ್ಯಾಲಿಯಂನ 5.9, ಆರ್ಸೆನಿಕ್‌ನ 5.7 ಕೊಡಿ. ನಾಲ್ಕರ ಸರಾಸರಿ 5.3. ಈ ಹೊತ್ತಿಗೆ ಹದಿನಾಲ್ಕು ವಯಸ್ಸಿನ ಮಗು ಇನ್ನೂ ಸಿಗದ ಧಾತುವಿನ ಲಕ್ಷಣ ಲೆಕ್ಕ ಹಾಕಿದ ಮನುಷ್ಯನ ಜಾಗದಲ್ಲಿ ನಿಂತಿರುತ್ತದೆ. ಇಷ್ಟು ಅಗ್ಗದ, ಇಷ್ಟು ದೊಡ್ಡ ಪಾಠ ಪಠ್ಯಕ್ರಮದಲ್ಲಿ ಮತ್ತೊಂದಿಲ್ಲ ಎಂದೇ ನನ್ನ ನಂಬಿಕೆ.

ಪ್ರಶ್ನೆ: ‘ಸೋಡಿಯಂಗೆ ಎಲೆಕ್ಟ್ರಾನ್ ಕೊಡಲು ಇಷ್ಟ, ಕ್ಲೋರಿನ್‌ಗೆ ತೆಗೆದುಕೊಳ್ಳಲು ಇಷ್ಟ’ ಎಂಬ ನಾಟಕ ಮಾಡಿಸುತ್ತೇನೆ. ತಪ್ಪೇ?

ಮಕ್ಕಳಿಗೆ ಖುಷಿಯಾಗುತ್ತದೆ, ಆದರೆ ಬಿಡಿಸಲಾಗದ ಗಂಟೊಂದು ಬೀಳುತ್ತದೆ. ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳಲು 496 ಕಿಲೋಜೂಲ್ ವ್ಯಯಿಸಬೇಕು. ಕ್ಲೋರಿನ್ ಪರಮಾಣುಗಳು ಅವನ್ನು ಪಡೆದಾಗ ಬರುವುದು 349 ಮಾತ್ರ. ಕೊಟ್ಟು ತೆಗೆದುಕೊಳ್ಳುವುದರಲ್ಲಿ ನಷ್ಟವೇ. ಆ ನಷ್ಟ ತುಂಬುವುದು ವಿರುದ್ಧ ಆವೇಶದ ಅಯಾನುಗಳು ಒಂದನ್ನೊಂದು ಸೆಳೆದು ಹರಳಾಗಿ ಜೋಡಣೆಯಾದಾಗ ಬಿಡುಗಡೆಯಾಗುವ 787 ಕಿಲೋಜೂಲ್. ಅಂಕಿಗಳನ್ನು ಮಕ್ಕಳಿಗೆ ಹೇಳಬೇಕಿಲ್ಲ, ನಿಮಗೆ ಗೊತ್ತಿರಲಿ. ನಾಟಕ ಮಾಡಿಸುವುದೇ ಆದರೆ ಎಲೆಕ್ಟ್ರಾನ್ ದಾನಕ್ಕೆ ನಿಲ್ಲಿಸಬೇಡಿ. ಧನ, ಋಣ ಫಲಕ ಹಿಡಿದ ಇಡೀ ತರಗತಿ ಸಾಲು ಸಾಲಾಗಿ, ಪ್ರತಿ ಧನದ ಪಕ್ಕದಲ್ಲೂ ಋಣ ಬರುವಂತೆ ನಿಲ್ಲಲಿ. ಉಪ್ಪಿನಲ್ಲಿ ಜೋಡಿ ಅಣುಗಳಿಲ್ಲ, ಜಾಲವಿದೆ ಎಂಬುದೂ ಅಲ್ಲೇ ಕಾಣುತ್ತದೆ.

ಪ್ರಶ್ನೆ: ನಮ್ಮಲ್ಲಿ ಪ್ರಯೋಗಾಲಯವಿಲ್ಲ, ತರಗತಿ ದೊಡ್ಡದು. ವಿಡಿಯೊ ತೋರಿಸಿದರೆ ಸಾಕೇ?

ಕಾಣದ ಕಣಗಳನ್ನು ತೋರಿಸಲು ವಿಡಿಯೊ, ಅನಿಮೇಷನ್ ಒಳ್ಳೆಯವು. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ಉಚಿತ ಸಿಮ್ಯುಲೇಷನ್‌ಗಳಲ್ಲಿ ಮಗು ತಾನೇ ಉಷ್ಣತೆ ಏರಿಸಿ ಏನಾಗುತ್ತದೆಂದು ನೋಡಬಹುದು. ಆದರೆ ಕಣ್ಣೆದುರು ನಡೆಯುವ ಬದಲಾವಣೆಗೆ ವಿಡಿಯೊ ಬದಲಿಯಾಗದು.

ಹನಿ ಪ್ರಯೋಗಗಳನ್ನು ಶುರುಮಾಡಿ. ಚೌಕುಳಿ ಗೆರೆ ಹಾಕಿದ ಹಾಳೆ, ಅದರ ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಕೆಲವು ಹನಿಕೊಳವೆಗಳು. ಒಂದು ಹನಿ ಸುಮಾರು 0.05 ಮಿಲಿಲೀಟರ್, ಹಾಗಾಗಿ 10 ಮಿಲಿಲೀಟರ್ ದ್ರಾವಣದಲ್ಲಿ ಸುಮಾರು 200 ಹನಿ. ತಾಮ್ರದ ಸಲ್ಫೇಟ್ ಹನಿಗೆ ಸಾರರಿಕ್ತ (ಹೆಚ್ಚು ನೀರು ಬೆರೆಸಿದ) ಸೋಡಿಯಂ ಹೈಡ್ರಾಕ್ಸೈಡ್ ಹನಿ ಸೇರಿದರೆ ನೀಲಿ ಪ್ರಕ್ಷೇಪ (ಕರಗದೆ ಬೇರ್ಪಡುವ ಗಟ್ಟಿ ವಸ್ತು), ಫೆರಿಕ್ ಕ್ಲೋರೈಡ್‌ಗೆ ಸೇರಿದರೆ ಕಂದು. ಅಪಾಯ ಕಡಿಮೆ, ತ್ಯಾಜ್ಯ ಒಂದು ಕಾಗದದಲ್ಲಿ ಒರೆಸುವಷ್ಟು. ಹನಿಯಾದರೂ ಕಣ್ಣಿಗೆ ಕನ್ನಡಕ ಕಡ್ಡಾಯ, ಸೋಡಿಯಂ ಹೈಡ್ರಾಕ್ಸೈಡ್ ಕಣ್ಣಿಗೆ ಬಹಳ ಕೆಟ್ಟದ್ದು.

ನನಗೆ ಬಲು ಮೆಚ್ಚಿನದು ಇನ್ನೊಂದು. ಪ್ಲಾಸ್ಟಿಕ್ ಮೇಲೆ ಅಗಲವಾದ ನೀರಿನ ಮಡುವೊಂದನ್ನು ಮಾಡಿ. ಒಂದು ಅಂಚಿಗೆ ತಾಮ್ರದ ಸಲ್ಫೇಟ್‌ನ ಹರಳು, ಎದುರಿನ ಅಂಚಿಗೆ ಸೋಡಿಯಂ ಕಾರ್ಬೊನೇಟ್‌ನ ಹರಳು ತಳ್ಳಿ, ಅಲುಗಿಸದೆ ಕಾಯಿರಿ. ಹರಳುಗಳ ಬಳಿ ಅಲ್ಲ, ನಡುವೆ ಎಲ್ಲೋ ನೀಲಿ-ಹಸಿರು ಪ್ರಕ್ಷೇಪ ಮೂಡುತ್ತದೆ. ಯಾರೂ ಕಲಕಿಲ್ಲ, ಹಾಗಾದರೆ ಅಲ್ಲಿಗೆ ಯಾರು ನಡೆದು ಬಂದರು? ಕಾಣದ ಅಯಾನುಗಳ ಚಲನೆಯನ್ನು ಇಷ್ಟು ಸರಳವಾಗಿ ಒಪ್ಪಿಸುವ ಪ್ರಯೋಗ ವಿರಳ.

ಪ್ರಶ್ನೆ: ವಿಜ್ಞಾನ ಮೇಳಕ್ಕೆ ಡೈಕ್ರೊಮೇಟ್ ಜ್ವಾಲಾಮುಖಿ ಮತ್ತು ಮೆಥನಾಲ್‌ನಲ್ಲಿ ಬಣ್ಣದ ಜ್ವಾಲೆ ಮಾಡಿಸಬಹುದೇ?

ಎರಡೂ ಬೇಡ. ಅಮೋನಿಯಂ ಡೈಕ್ರೊಮೇಟ್‌ನಂಥ ಕ್ರೋಮಿಯಂ(VI) ಸಂಯುಕ್ತಗಳು ಕ್ಯಾನ್ಸರ್‌ಕಾರಕ, ಪ್ರತಿಕ್ರಿಯೆಯಲ್ಲಿ ಹಾರುವ ಪುಡಿಯೊಂದಿಗೆ ಉಳಿದ ಡೈಕ್ರೊಮೇಟ್ ಕೂಡ ಉಸಿರಿಗೆ ಹೋಗಬಹುದು. ಮೆಥನಾಲ್ ಆವಿಗೆ ಬೆಂಕಿ ತಗುಲಿ ಶೀಶೆಯಿಂದ ಜ್ವಾಲೆ ಚಿಮ್ಮಿ ಮಕ್ಕಳು ಸುಟ್ಟುಕೊಂಡ ಘಟನೆಗಳು ಮತ್ತೆ ಮತ್ತೆ ನಡೆದಿವೆ. ತೆರೆದ ಮೇಜಿನ ಮೇಲೆ ಈ ಪ್ರದರ್ಶನ ನಿಲ್ಲಿಸಿ ಎಂದು ಅಮೆರಿಕನ್ ಕೆಮಿಕಲ್ ಸೊಸೈಟಿಯ ಸುರಕ್ಷತಾ ಸಮಿತಿ 2014ರಲ್ಲೇ ಹೇಳಿದೆ.

ಅದೇ ಬಣ್ಣಗಳು ಬೇರೆ ದಾರಿಯಲ್ಲಿ ಸಿಗುತ್ತವೆ. ಮರದ ಚಪ್ಪಟೆ ಕಡ್ಡಿಗಳನ್ನು ಲವಣದ ಗಾಢ ದ್ರಾವಣಗಳಲ್ಲಿ ರಾತ್ರಿಯಿಡೀ ನೆನೆಸಿ, ಒದ್ದೆಯಿರುವಾಗಲೇ ನೀಲಿ ಬರ್ನರ್ ಜ್ವಾಲೆಗೆ ಹಿಡಿಯಿರಿ. ಸ್ಟ್ರಾನ್ಷಿಯಂ ಕೆಂಪು, ತಾಮ್ರ ಹಸಿರು, ಪೊಟ್ಯಾಸಿಯಂ ತಿಳಿ ನೇರಳೆ ಕೊಡುತ್ತವೆ. ನೆನೆಸಲು ಬಟ್ಟಿ ಇಳಿಸಿದ ನೀರನ್ನೇ ಬಳಸಿ, ಒಂದು ದ್ರಾವಣದ ಕಡ್ಡಿಯನ್ನು ಇನ್ನೊಂದಕ್ಕೆ ಅದ್ದಬೇಡಿ. ಬೆರಳಿನ ಬೆವರಿನಷ್ಟು ಸೋಡಿಯಂ ಸೇರಿದರೂ ಅದರ ಹಳದಿ ಪೊಟ್ಯಾಸಿಯಂನ ನೇರಳೆಯನ್ನು ನುಂಗಿಬಿಡುತ್ತದೆ.