12 ಜನ, 3 ರಾತ್ರಿ, ತಲಾ 600 ಡಾಲರ್: ಮರ್ಟಲ್ ಬೀಚ್‌ಗೆ ಹೊರಟವರ ಪ್ರಶ್ನೆಗಳು

ಪ್ರಶ್ನೆ: ನಾವು ನಾರ್ತ್ ಕೆರೊಲೈನಾದ ಶಾರ್ಲೆಟ್ ಊರಿನವರು. ಕನ್ನಡ ಕೂಟದಲ್ಲಿ ಪರಿಚಯವಾದ 12 ಜನ ಸೇರಿ ಅಕ್ಟೋಬರ್ ಮಧ್ಯದ ಒಂದು ವೀಕೆಂಡ್ ಸೌತ್ ಕೆರೊಲೈನಾದ ಮರ್ಟಲ್ ಬೀಚ್‌ಗೆ ಗಾಲ್ಫ್ ಆಡಲು ಹೋಗಬೇಕು ಅಂತಿದ್ದೇವೆ. ಮೂವರು ಚೆನ್ನಾಗಿ ಆಡುತ್ತಾರೆ, ಐದಾರು ಜನ ಪರವಾಗಿಲ್ಲ, ಉಳಿದವರು ಹೊಸಬರು. ಐದು ಜನ ಸಸ್ಯಾಹಾರಿಗಳು. ತಲಾ 600 ಡಾಲರ್ ದಾಟಬಾರದು. ಸಮುದ್ರ ಕಾಣುವ ಯಾವ ಕೋರ್ಸ್‌ಗಳನ್ನು ಬುಕ್ ಮಾಡಬೇಕು?

ಉತ್ತರ: ಕೋರ್ಸ್ ಕೊನೆಗೆ ನೋಡೋಣ. ಮೊದಲು ಆ ಅಕ್ಟೋಬರ್ ವೀಕೆಂಡ್ ಬಿಡಿ.

ಮರ್ಟಲ್ ಬೀಚ್‌ನಲ್ಲಿ ಗಾಲ್ಫ್‌ಗೆ ಎರಡು ಸುಗ್ಗಿ. ಮಾರ್ಚ್ ಮಧ್ಯದಿಂದ ಮೇ ಶುರುವಿನವರೆಗೆ ಒಂದು, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಶುರುವಿನವರೆಗೆ ಇನ್ನೊಂದು. ಆಗ ಉತ್ತರದ ಚಳಿ ರಾಜ್ಯಗಳಿಂದ ಗುಂಪು ಗುಂಪಾಗಿ ಬರುತ್ತಾರೆ. ನೀವು ಹೇಳಿದ ವಾರ ಆ ಸುಗ್ಗಿಯ ನಡುಮಧ್ಯಕ್ಕೆ ಬರುತ್ತದೆ, ಅದರಲ್ಲೂ ಶುಕ್ರವಾರ, ಶನಿವಾರ. ಅದೇ ಕೋರ್ಸ್, ಅದೇ ಹುಲ್ಲು, ಅದೇ ಕಾರ್ಟ್. ದುಡ್ಡು ಮಾತ್ರ ಬಹಳ ಜಾಸ್ತಿ. ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್‌ಗೆ ಹಿಂದಿನ ವಾರ ಹೋಗಿ. ಭಾನುವಾರ ಬೆಳಗ್ಗೆ ಹೊರಟು ಬುಧವಾರ ವಾಪಸ್ ಬನ್ನಿ. ಕೆಲಸಕ್ಕೆ ಮೂರು ದಿನ ರಜೆ ಹಾಕಬೇಕು, ನಿಜ. ಆದರೆ ನಿಮ್ಮ ಖರ್ಚು 600 ಡಾಲರ್ ಒಳಗೆ ಉಳಿಯುವುದು ಅದರಿಂದಲೇ. ಆಗಲೂ ಮಧ್ಯಾಹ್ನ ಸ್ವೆಟರ್ ತೆಗೆಯುವಷ್ಟು ಬಿಸಿಲಿರುತ್ತದೆ.

ಇನ್ನೂ ಅಗ್ಗ ಬೇಕೆಂದರೆ ಡಿಸೆಂಬರ್, ಜನವರಿ ಇವೆ. ಬರ್ಮುಡಾ ಹುಲ್ಲು ಆಗ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲ, ಚೆಂಡು ಮಾತ್ರ ಚೆನ್ನಾಗಿ ಉರುಳುತ್ತದೆ. ಕೆಲವು ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟಿದ್ದರೆ ಅದು ಕರಗುವವರೆಗೂ ಯಾರನ್ನೂ ಹುಲ್ಲಿನ ಮೇಲೆ ಬಿಡುವುದಿಲ್ಲ. ಬೇಸಿಗೆಯಲ್ಲೂ ರೇಟು ಇಳಿಯುತ್ತದೆ, ಆದರೆ ಸೆಕೆ ಅಂದರೆ ಮಂಗಳೂರಿನ ಮೇ ತಿಂಗಳು. ಜೊತೆಗೆ ಗ್ರೀನ್‌ಗಳಿಗೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ, ತೂತು ಹೊಡೆದು ಮರಳು ತುಂಬುವುದೂ ಆಗಲೇ. ಆ ವಾರ ಪಟ್ ಮಾಡುವುದು, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವುದು, ಜಲ್ಲಿ ರಸ್ತೆಯ ಮೇಲೆ ಗೋಲಿ ಬಿಟ್ಟ ಹಾಗೆ. ಯಾವ ತಿಂಗಳಿಗೇ ಬುಕ್ ಮಾಡಿ, ಈ ಕೆಲಸ ಯಾವ ತಾರೀಖಿಗೆ ಅಂತ ಕೋರ್ಸ್‌ಗೆ ಫೋನ್ ಮಾಡಿ ಕೇಳಿಕೊಳ್ಳಿ.

ಇನ್ನು ಸಮುದ್ರ. ಇದು ಕೇಳಿದರೆ ನಿಮಗೆ ಬೇಜಾರಾಗಬಹುದು. ಉತ್ತರದ ಲಿಟಲ್ ರಿವರ್‌ನಿಂದ ದಕ್ಷಿಣದ ಜಾರ್ಜ್‌ಟೌನ್‌ವರೆಗೆ ಸುಮಾರು 60 ಮೈಲಿ ಕಡಲ ತೀರ ಇದೆ. ಇದಕ್ಕೆ ಗ್ರ್ಯಾಂಡ್ ಸ್ಟ್ರ್ಯಾಂಡ್ ಅಂತ ಹೆಸರು. ಇಲ್ಲಿ 80ರ ಆಸುಪಾಸು ಗಾಲ್ಫ್ ಕೋರ್ಸ್‌ಗಳಿವೆ. ಆದರೆ ಅಲೆ ಕಾಣುವ ಹೋಲ್ (ಕೋರ್ಸ್‌ನ ಒಂದೊಂದು ಹಂತಕ್ಕೆ ಹಾಗಂತಾರೆ) ಹುಡುಕಿದರೆ ಬೆರಳಲ್ಲಿ ಎಣಿಸಬಹುದು. ಮರಳಿಗೆ ಅಂಟಿಕೊಂಡ ಜಾಗವನ್ನೆಲ್ಲ ಹೋಟೆಲುಗಳು ಹಿಡಿದುಬಿಟ್ಟಿವೆ. ಕೋರ್ಸ್‌ಗಳು ಇರುವುದು ಒಳಗೆ, ಪೈನ್ ಮರ, ಜೌಗು, ಕೆರೆಗಳ ನಡುವೆ. ನೀರಿನ ನೋಟ ಬೇಕೇ ಬೇಕು ಅಂದರೆ ನಾರ್ತ್ ಮರ್ಟಲ್ ಬೀಚ್‌ನ ಟೈಡ್‌ವಾಟರ್ ಇದೆ. ಅಲ್ಲಿ ಕೆಲವು ಹೋಲ್‌ಗಳಿಂದ ಚೆರ್ರಿ ಗ್ರೋವ್‌ನ ಹಿನ್ನೀರು ಕಾಣುತ್ತದೆ. ನನ್ನ ಕೇಳಿದರೆ ಸಮುದ್ರ ಪುಕ್ಕಟೆ ಸಿಗುತ್ತದೆ, ಸಂಜೆ ಕಾಲಿಗೆ ನೀರು ತಾಗಿಸಿಕೊಂಡು ಬನ್ನಿ. ಅದಕ್ಕಾಗಿ ಗ್ರೀನ್ ಫೀ, ಅಂದರೆ ಆಡುವ ಶುಲ್ಕ, ಜಾಸ್ತಿ ಕೊಡಬೇಡಿ.

ಈಗ ಕೋರ್ಸ್. ನೀವು ಬರುವುದು 501 ಹೆದ್ದಾರಿಯಲ್ಲಿ, ಕಾನ್ವೇ ದಾಟಿಕೊಂಡು. ಅದರ ಪಕ್ಕದಲ್ಲೇ ಲೆಜೆಂಡ್ಸ್ ಇದೆ, ಒಂದೇ ಆವರಣದಲ್ಲಿ ಮೂರು ಕೋರ್ಸ್. ಅದರಲ್ಲಿ ಟಾಮ್ ಡೋಕ್ ರೂಪಿಸಿದ ಹೀತ್‌ಲ್ಯಾಂಡ್ ಆಡಿ. ಮರ ಕಮ್ಮಿ, ಬಯಲು ಜಾಸ್ತಿ. ನಿಮ್ಮ ಹೊಸಬರು ಎಡಕ್ಕೆ ಬಲಕ್ಕೆ ಹೊಡೆದರೂ ಚೆಂಡು ಸಿಗುತ್ತದೆ. ಮನೆಯಿಂದ ಬೆಳಗ್ಗೆ 6ಕ್ಕೆ ಹೊರಟರೆ 11ರ ಟೀ ಟೈಮ್ (ಆಟ ಶುರುಮಾಡುವ ಸರದಿ) ಆರಾಮಾಗಿ ಸಿಗುತ್ತದೆ, ಅರ್ಧ ದಿನ ಹಾಳಾಗುವುದಿಲ್ಲ. 12 ಗಂಟೆ ದಾಟಿಸಬೇಡಿ. ನವೆಂಬರ್‌ನಲ್ಲಿ ಅಲ್ಲಿ ಸಂಜೆ 5 ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ತಡವಾದರೆ, ನಾಲ್ವರಂತೆ ಹೊರಡುವ ನಿಮ್ಮ ಮೂರನೇ ತಂಡ ಕೊನೆಯ ಹೋಲ್‌ಗಳನ್ನು ಫೋನಿನ ಬೆಳಕಲ್ಲಿ ಆಡಬೇಕಾಗುತ್ತದೆ.

ಸೋಮವಾರ ಊರೊಳಗಿನ ಸಾಧಾರಣ ಬೆಲೆಯ ಕೋರ್ಸ್ ಸಾಕು. ಮರ್ಟಲ್‌ವುಡ್‌ನಲ್ಲಿ ಎರಡಿವೆ, ಯಾವುದಾದರೂ ಆದೀತು. ಹಳೆಯದರ ಮೇಲೆ ಆಸೆಯಿದ್ದರೆ ಪೈನ್ ಲೇಕ್ಸ್ ನೋಡಿ. 1927ರದ್ದು, ಈ ತೀರದ ಮೊದಲ ಕೋರ್ಸ್. ಊರಿನವರು ಅದನ್ನು ಪ್ರೀತಿಯಿಂದ ಅಜ್ಜ ಅಂತಲೇ ಕರೆಯುತ್ತಾರೆ.

ಮಂಗಳವಾರ ಮಾತ್ರ ಕೈ ಸ್ವಲ್ಪ ಬಿಚ್ಚಿ. ದಕ್ಷಿಣಕ್ಕೆ ಪಾವ್ಲೀಸ್ ಐಲೆಂಡ್ ಕಡೆ ಹೋದರೆ ಕ್ಯಾಲಡೋನಿಯಾ ಮತ್ತು ಟ್ರೂ ಬ್ಲೂ ಹತ್ತಿರ ಹತ್ತಿರವೇ ಇವೆ. ಎರಡೂ ಮೈಕ್ ಸ್ಟ್ರ್ಯಾಂಟ್ಜ್ ಅವರ ಕೈಕೆಲಸ. ಕ್ಯಾಲಡೋನಿಯಾ 1994ರಲ್ಲಿ ಹಳೆಯ ಭತ್ತದ ಎಸ್ಟೇಟ್ ಜಾಗದಲ್ಲಿ ಎದ್ದದ್ದು. ಒಳಗೆ ಹೋಗುವ ದಾರಿಯ ಎರಡೂ ಕಡೆ ದೊಡ್ಡ ದೊಡ್ಡ ಓಕ್ ಮರಗಳು, ಕೊಂಬೆಯಿಂದ ಇಳಿಬಿದ್ದ ಪಾಚಿ. ಎಲ್ಲರೂ ಅದನ್ನೇ ಕೇಳುತ್ತಾರೆ, ಅದಕ್ಕೇ ಬೆಲೆಯೂ ಹಾಗೇ ಇದೆ. ನಿಮ್ಮ ಗುಂಪಿಗೆ ನಾನು ಹೇಳುವುದು ಟ್ರೂ ಬ್ಲೂ. ಇದು 1998ರದ್ದು, ಸಾಮಾನ್ಯವಾಗಿ ಕ್ಯಾಲಡೋನಿಯಾಗಿಂತ ಅಗ್ಗ. ಫೇರ್‌ವೇಗಳು, ಅಂದರೆ ಕುಳಿಯವರೆಗಿನ ಹುಲ್ಲುಹಾದಿಗಳು, ಎಷ್ಟು ಅಗಲ ಅಂದರೆ ಹೊಸಬರೂ ಎದೆ ಸೆಟೆಸಿಕೊಂಡು ಹೊಡೆಯಬಹುದು. ಮರಳು ಮಾತ್ರ ವಿಪರೀತ.

ಉತ್ತರದಲ್ಲೊಂದು, ದಕ್ಷಿಣದಲ್ಲೊಂದು ಅಂತ ಹಂಚಿಕೊಳ್ಳಬೇಡಿ. 17ನೇ ಹೆದ್ದಾರಿಯ ಸಿಗ್ನಲ್‌ಗಳಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಮಧ್ಯದಲ್ಲಿ ಉಳಿದುಕೊಂಡು ಒಂದೇ ದಿಕ್ಕಿಗೆ ಆಡಿ.

ಲೆಕ್ಕಕ್ಕೆ ಬರೋಣ. ನಾನು ಜೀವನವಿಡೀ ಲೆಕ್ಕಪತ್ರ ವಿಭಾಗದಲ್ಲಿ ಕೂತವಳು. ನಮ್ಮ ರಾಲಿ ಊರಿನ ಗುಂಪು ದುಡ್ಡಿನ ಚೀಲವನ್ನು ನನ್ನ ಕೈಗೆ ಕೊಡುವುದೂ ಅದಕ್ಕೇ, ನನ್ನ ಆಟ ನೋಡಿ ಅಲ್ಲ. ಆ ವಾರಕ್ಕೆ ನನ್ನ ಅಂದಾಜು ಹೀಗಿದೆ: ಮೂರು ಸುತ್ತಿನ ಆಟಕ್ಕೆ ಕಾರ್ಟ್ ಸೇರಿ 270 ಡಾಲರ್. ಮೂರು ಬೆಡ್‌ರೂಮಿನ ಮೂರು ಕಾಂಡೊ (ಬಾಡಿಗೆ ಫ್ಲಾಟ್), ಒಂದೊಂದರಲ್ಲಿ ನಾಲ್ಕು ಜನ, ಮೂರು ರಾತ್ರಿಗೆ ತಲಾ 165. ಪೆಟ್ರೋಲ್‌ಗೆ 20. ಊಟ ತಿಂಡಿಗೆ 90. ಮಿಕ್ಕ 55 ಬಹುಮಾನ, ಟಿಪ್ಸ್ ಮತ್ತು ಕೆರೆಗೆ ಬೀಳುವ ಚೆಂಡುಗಳಿಗೆ. ಕಾಂಡೊ ರೇಟ್ ನೋಡುವಾಗ ಮೊದಲ ಪುಟದ ಸಂಖ್ಯೆ ನಂಬಬೇಡಿ. ತೆರಿಗೆ, ಕ್ಲೀನಿಂಗ್ ಫೀ, ರೆಸಾರ್ಟ್ ಫೀ ಎಲ್ಲ ಸೇರಿದ ಕೊನೆಯ ಪುಟ ನೋಡಿ. ಸಮುದ್ರಕ್ಕೆ ಮುಖ ಮಾಡಿದ ರೂಮು ಬೇಡ, ರಸ್ತೆಯ ಈಚೆಗಿನದು ಸಾಕು. ಹಗಲೆಲ್ಲ ಹೊರಗಿರುವವರಿಗೆ ಬಾಲ್ಕನಿ ಯಾಕೆ, ಅಲ್ವಾ?

ನಾಲ್ಕು ಜನ, ನಾಲ್ಕು ಗಾಲ್ಫ್ ಚೀಲ, ನಾಲ್ಕು ಪೆಟ್ಟಿಗೆ ಸಾದಾ ಕಾರಿನಲ್ಲಿ ಹಿಡಿಸುವುದಿಲ್ಲ. ಕೂಟದಲ್ಲಿ ಸಿಯೆನ್ನಾ, ಒಡಿಸ್ಸಿಯಂಥ ಮಿನಿವ್ಯಾನ್ ಇರುವ ಮೂವರನ್ನು ಈಗಲೇ ಪುಸಲಾಯಿಸಿ.

ಇಲ್ಲಿ ಉಳಿಯುವ ಜಾಗ ಮತ್ತು ಗಾಲ್ಫ್ ಸೇರಿಸಿ ಪ್ಯಾಕೇಜ್ ಮಾರುವ ಪದ್ಧತಿ 1960ರ ದಶಕದಿಂದ ಇದೆ. ಬೇಸಿಗೆ ಮುಗಿದ ಮೇಲೆ ಖಾಲಿ ಹೊಡೆಯುವ ಹೋಟೆಲ್‌ಗಳನ್ನು ತುಂಬಿಸಲು ಶುರುವಾದದ್ದು. ಪ್ಯಾಕೇಜ್‌ನವರನ್ನೂ ಕೇಳಿ, ಕೋರ್ಸ್‌ಗೂ ನೇರವಾಗಿ ಫೋನ್ ಮಾಡಿ. ಎರಡನ್ನೂ ಎದುರುಬದುರು ಇಟ್ಟು ನೋಡಿ. 12 ಜನರ ಗುಂಪು ಅಂದರೆ ಕೆಲವರು ಒಬ್ಬರ ಫೀ ಬಿಡುತ್ತಾರೆ. ಬಿಟ್ಟರೆ ಅದನ್ನು ಸಂಘಟಕರು ಜೇಬಿಗೆ ಹಾಕಿಕೊಳ್ಳದೆ 12 ಪಾಲು ಮಾಡಿ. ಇಂಥ ಸಣ್ಣ ವಿಷಯಕ್ಕೇ ಗುಂಪು ಒಡೆಯುವುದು.

ಊಟದ ಬಗ್ಗೆ ಒಂದು ಮಾತು. ಅಲ್ಲಿನ ಹೆಸರುವಾಸಿ ಊಟ ಕ್ಯಾಲಬಾಶ್ ಶೈಲಿಯದು. ಸೀಗಡಿ, ಮೀನನ್ನು ತೆಳು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಮೀನು ತಿನ್ನುವವರಿಗೆ ಹಬ್ಬ. ನಿಮ್ಮ ಐದು ಜನಕ್ಕೆ ಅಲ್ಲಿ ಸಿಗುವುದು ಕೋಸಿನ ಸಲಾಡ್ ಮತ್ತು ಹಶ್‌ಪಪ್ಪಿ ಅನ್ನುವ ಮೆಕ್ಕೆಜೋಳದ ಹಿಟ್ಟಿನ ಪುಟ್ಟ ಬೋಂಡ. ಅದನ್ನೂ ಅದೇ ಎಣ್ಣೆಯಲ್ಲಿ ಕರಿದಿದ್ದಾರಾ ಅಂತ ಕೇಳಿಯೇ ತಿನ್ನಬೇಕು. ಕಾಂಡೊದಲ್ಲಿ ಅಡುಗೆಮನೆ ಇರುತ್ತದೆ. ಕುಕ್ಕರ್, ಸೋನಾ ಮಸೂರಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ಯಿರಿ. ಎರಡು ರಾತ್ರಿ ಮನೆಯ ಊಟ, ಒಂದು ರಾತ್ರಿ ಹೊರಗೆ.

ಇಷ್ಟಾದ ಮೇಲೂ ಲೆಕ್ಕ ತಪ್ಪಿಸುವುದು ಜನ. ವಾಟ್ಸಾಪ್‌ನಲ್ಲಿ ಹೆಬ್ಬೆರಳು ಎತ್ತಿದವರೆಲ್ಲ ಬರುವವರಲ್ಲ. ಇಬ್ಬರು ಕೈಕೊಟ್ಟರೆ ಕಾಂಡೊ ಬಾಡಿಗೆ ಹತ್ತು ಜನರ ತಲೆಗೆ ಬೀಳುತ್ತದೆ. ಗಡುವು ದಾಟಿದ ಮೇಲೆ ಖಾಲಿ ಟೀ ಟೈಮಿಗೂ ದುಡ್ಡು ಕಟ್ಟಬೇಕಾಗಬಹುದು. ಅದಕ್ಕೇ ಬುಕ್ ಮಾಡುವ ಮೊದಲು ತಲಾ 200 ಡಾಲರ್ ಮುಂಗಡ ವಸೂಲಿ ಮಾಡಿ. ಬರದಿದ್ದರೆ ವಾಪಸ್ ಇಲ್ಲ, ಬದಲಿ ಆಟಗಾರರನ್ನು ಅವರೇ ಹುಡುಕಿ ಕೊಟ್ಟರೆ ಮಾತ್ರ ಉಂಟು ಅಂತ ಬರೆದು ಹಾಕಿ. ನವೆಂಬರ್ ಕೊನೆಯವರೆಗೂ ಚಂಡಮಾರುತದ ಕಾಲ, ಹಾಗಾಗಿ ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆ ಅಂತಲೂ ಬರಹದಲ್ಲಿ ತೆಗೆದುಕೊಳ್ಳಿ.

ಆಟ ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಚೆನ್ನಾಗಿ ಆಡುವ ಮೂವರನ್ನು ಒಂದೇ ಕಡೆ ಬಿಡಬೇಡಿ. ತಂಡಕ್ಕೊಬ್ಬರಂತೆ ಹಂಚಿ ಮೊದಲ ದಿನ ಸ್ಕ್ರಾಂಬಲ್ ಆಡಿ. ನಾಲ್ವರೂ ಹೊಡೆದು, ಚೆನ್ನಾಗಿ ಬಿದ್ದ ಚೆಂಡಿನ ಜಾಗದಿಂದ ಮತ್ತೆ ನಾಲ್ವರೂ ಹೊಡೆಯುವ ಆಟ ಅದು. ಹೊಸಬರ ಒಂದು ಒಳ್ಳೆಯ ಪಟ್ ತಂಡವನ್ನೇ ಗೆಲ್ಲಿಸುತ್ತದೆ. ಮತ್ತೆ ದಯವಿಟ್ಟು ಮುಂದಿನ ಟೀಗಳಿಂದ, ಅಂದರೆ ಕುಳಿಗೆ ಹತ್ತಿರವಿರುವ ಮೊದಲ ಹೊಡೆತದ ಜಾಗದಿಂದ ಆಡಿ, ಗಂಡಸರೂ ಸೇರಿ. ಹಿಂದಿನ ಟೀಯಿಂದ ಕೆರೆಗೆ ಹೊಡೆದು ಮೀಸೆ ತಿರುವುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ನಮ್ಮೆಜಮಾನ್ರು ಮತ್ತು ಗೆಳೆಯರು ಮರ್ಟಲ್ ಬೀಚ್‌ಗೆ ಗಾಲ್ಫ್‌ಗೆ ಹೋಗುತ್ತಿದ್ದಾರೆ. ನನಗೆ ಗಾಲ್ಫ್ ಬರಲ್ಲ. ಜೊತೆಗೆ ಹೋದರೆ ರೂಮಲ್ಲಿ ಕೂರಬೇಕಾ?

ಉತ್ತರ: ಯಾಕೆ ಕೂರಬೇಕು! ಮರೆಲ್ಸ್ ಇನ್ಲೆಟ್ ಹತ್ತಿರ ಬ್ರೂಕ್‌ಗ್ರೀನ್ ಗಾರ್ಡನ್ಸ್ ಇದೆ. ಆರ್ಚರ್ ಹಂಟಿಂಗ್‌ಟನ್ ಮತ್ತು ಅವರ ಹೆಂಡತಿ, ಶಿಲ್ಪಿ ಅನ್ನಾ ಹಯಾಟ್ ಹಂಟಿಂಗ್‌ಟನ್ 1931ರಲ್ಲಿ ಕಟ್ಟಿದ ಶಿಲ್ಪಗಳ ತೋಟ. ಒಂದು ದಿನದಲ್ಲಿ ನೋಡಿ ಮುಗಿಯುವುದಿಲ್ಲ. ಎದುರಿಗೇ ಹಂಟಿಂಗ್‌ಟನ್ ಬೀಚ್ ಸ್ಟೇಟ್ ಪಾರ್ಕ್, ಅದರೊಳಗೆ ಅವರ ಅಟಲಾಯ ಅನ್ನುವ ಹಳೆ ಮನೆ. ನಿಮ್ಮವರು ಟ್ರೂ ಬ್ಲೂಗೆ ಹೋಗುವ ದಿನ ದಾರಿಯಲ್ಲಿ ನಿಮ್ಮನ್ನು ಅಲ್ಲಿ ಇಳಿಸಲಿ. ಕಾರಿನ ಕೀ ನಿಮ್ಮ ಕೈಯಲ್ಲಿದ್ದರೆ ಇನ್ನೂ ವಾಸಿ.

ಪ್ರಶ್ನೆ: ನಮ್ಮ ಮಾವನವರು ಬೆಂಗಳೂರಿನಿಂದ ಬರುತ್ತಿದ್ದಾರೆ. ಬೆಂಗಳೂರು ಗಾಲ್ಫ್ ಕ್ಲಬ್‌ನಲ್ಲಿ ಬಹಳ ವರ್ಷದಿಂದ ಆಡುತ್ತಿದ್ದಾರೆ. ಮರ್ಟಲ್ ಬೀಚ್‌ಗೆ ಹೊರಟ ನಮ್ಮ ಗುಂಪಿಗೆ ಅವರನ್ನು ಸೇರಿಸಿಕೊಳ್ಳಬಹುದಾ? ಅವರ ಹ್ಯಾಂಡಿಕ್ಯಾಪ್ ಇಲ್ಲಿ ನಡೆಯುತ್ತದಾ?

ಉತ್ತರ: ಧಾರಾಳವಾಗಿ ನಡೆಯುತ್ತದೆ. 2020ರಲ್ಲಿ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಬಂತು, ಭಾರತವೂ ಅದರಲ್ಲಿದೆ. ಹ್ಯಾಂಡಿಕ್ಯಾಪ್ ಅಂದರೆ ಆಟಗಾರರ ಮಟ್ಟ ತೋರಿಸುವ ಅಂಕಿ. ಅವರ ಅಂಕಿ, ಅಂದರೆ ಇಂಡೆಕ್ಸ್, ಕೇಳಿಕೊಳ್ಳಿ. ಆಡುವ ಕೋರ್ಸ್‌ನ ಸ್ಲೋಪ್ ರೇಟಿಂಗ್‌ಗೆ (ಕೋರ್ಸ್ ಎಷ್ಟು ಕಷ್ಟ ಅನ್ನುವ ಅಂಕಿ) ತಕ್ಕಂತೆ ಎಷ್ಟು ಹೊಡೆತ ರಿಯಾಯಿತಿ ಅಂತ ಲೆಕ್ಕ ಸಿಗುತ್ತದೆ. 1876ರ ಕ್ಲಬ್‌ನಲ್ಲಿ ಕೈ ಪಳಗಿಸಿಕೊಂಡವರು ನಿಮ್ಮ ಬಹುಮಾನದ ದುಡ್ಡನ್ನೆಲ್ಲ ಬಾಚಿಕೊಂಡು ಹೋದಾರು, ಹುಷಾರು.

ಅವರಿಗೆ ಎರಡು ವಿಷಯ ಮೊದಲೇ ಹೇಳಿಡಿ. ಅಲ್ಲಿಯ ಹಾಗೆ ಇಲ್ಲಿ ಚೀಲ ಹೊರಲು, ಚೆಂಡು ಹುಡುಕಲು ಕ್ಯಾಡಿ ಇರುವುದಿಲ್ಲ. ಬಂಕರ್ ಅನ್ನುವ ಮರಳುಗುಂಡಿಯನ್ನು ತಾವೇ ಸಮ ಮಾಡಬೇಕು. ಕಾರ್ಟ್ ಓಡಿಸಲು ಸಾಮಾನ್ಯವಾಗಿ ಲೈಸೆನ್ಸ್ ಕೇಳುತ್ತಾರೆ, ಬೆಂಗಳೂರಿನದ್ದು ಜೇಬಿನಲ್ಲಿರಲಿ. ಎರಡನೆಯದು, ಕೆರೆಯ ಅಂಚಿನಲ್ಲಿ ಬಿದ್ದ ಚೆಂಡಿಗೆ ಕೈ ಹಾಕಬಾರದು. ಆ ಕೆರೆಗಳಲ್ಲಿ ಅಲಿಗೇಟರ್‌ಗಳಿರುತ್ತವೆ, ಬಿಸಿಲು ಬಂದರೆ ದಡಕ್ಕೆ ಬಂದು ಮಲಗುತ್ತವೆ. ಚೆಂಡು ಹೋಗಲಿ, ಇನ್ನೊಂದು ಇಟ್ಟು ಹೊಡೆಯಲಿ.

ಗಾಲ್ಫ್ ಕೋಲುಗಳ ಸೆಟ್ ಬೆಂಗಳೂರಿನಿಂದ ಹೊತ್ತು ತರುವುದು ಬೇಡ. ಕೋರ್ಸ್‌ನಲ್ಲಿ ಬಾಡಿಗೆಗೆ ಸಿಗುತ್ತದೆ, ಆದರೆ ಮೂರು ದಿನದ ಬಾಡಿಗೆ ಸೇರಿಸಿದರೆ ಹಳೆ ಸೆಟ್ ಒಂದರ ಬೆಲೆಯ ಹತ್ತಿರ ಬರುತ್ತದೆ. ನಿಮ್ಮ ಗರಾಜಿನಲ್ಲಿ ದೂಳು ತಿನ್ನುತ್ತಿರುವ ಹಳೆಯದನ್ನೇ ಹಿಡಿಗೆ ಹೊಸ ಗ್ರಿಪ್ ಹಾಕಿಸಿ ಕೊಡಿ. ಪಟರ್ (ಪಟ್ ಮಾಡುವ ಕೋಲು) ಮತ್ತು ಷೂ ಮಾತ್ರ ಅವರದ್ದೇ ತರಲಿ. ಪಟರ್ ಚೆಕ್-ಇನ್ ಪೆಟ್ಟಿಗೆಯಲ್ಲಿರಲಿ, ವಿಮಾನದೊಳಗೆ ಕೈಚೀಲದ ಜೊತೆ ಬಿಡುವುದಿಲ್ಲ.