ಕಲಬುರಗಿಯಂಥ ಬಿಸಿಲೂರಿನಲ್ಲೂ ಲೆನ್ಸ್‌ಗೆ ಫಂಗಸ್ (ಬೂಷ್ಟು) ಹಿಡಿಯುತ್ತದೆಯೇ?

ಖಂಡಿತ ಹಿಡಿಯುತ್ತದೆ. ನಮ್ಮದು ಒಣ ಊರು, ಡ್ರೈ ಕ್ಯಾಬಿನೆಟ್ (ಒಳಗಿನ ತೇವವನ್ನು ತಾನೇ ತಗ್ಗಿಸುವ ವಿದ್ಯುತ್ ಪೆಟ್ಟಿಗೆ) ಏಕೆ ಬೇಕು, ತಂದೆಯವರ ಹಳೆಯ ಲೆನ್ಸ್ ಇರುವ ಅಲ್ಮಾರಿಯಲ್ಲಿ ಡಾಂಬರು ಗುಳಿಗೆ ಹಾಕಿಟ್ಟರೆ ಸಾಲದೇ ಎಂದು ಕೇಳಿದ್ದೀರಿ. ಡ್ರೈ ಕ್ಯಾಬಿನೆಟ್ ಇಲ್ಲದೆಯೂ ನಡೆಯುತ್ತದೆ. ಡಾಂಬರು ಗುಳಿಗೆ ಮಾತ್ರ ಬೇಡವೇ ಬೇಡ. ಅದು ನುಸಿಗೆ ಮದ್ದು, ತೇವ ಹೀರುವುದಿಲ್ಲ. ಮೇಲಾಗಿ ಅದರ ಆವಿ ಗಾಜಿನ ಮೇಲೆ ಕೂರುವ ಅಪಾಯವಿದೆ.

ಊರಿನ ಹವೆ ಒಣಗಿದ್ದರೆ ಏನು ಬಂತು? ನೋಡಬೇಕಾದದ್ದು ಚೀಲದೊಳಗಿನ ಹವೆಯನ್ನು. ತೇವಾಂಶ ಶೇ. 60–65ರ ಮೇಲೆ ದಿನಗಟ್ಟಲೆ ನಿಂತು, ಜೊತೆಗೆ ಕತ್ತಲೆ, ಅಲುಗದ ಗಾಳಿ, ಬೆರಳಿನ ಜಿಡ್ಡು ಸೇರಿದರೆ ಫಂಗಸ್ ಬೆಳೆಯುತ್ತದೆ. ನಾನು ಮದುವೆಗಳ ಫೋಟೊ ತೆಗೆಯುವವನು. ಮೇ ತಿಂಗಳ ಮುಹೂರ್ತಗಳಲ್ಲಿ ಬೆವರು, ಅರಿಶಿನದ ಪುಡಿ, ಪನ್ನೀರಿನ ಹನಿ ಎಲ್ಲವೂ ಲೆನ್ಸಿಗೆ ಮೆತ್ತಿರುತ್ತವೆ. ಆಷಾಢ ಬಂತೆಂದರೆ ಮದುವೆಗಳಿಲ್ಲ, ಕ್ಯಾಮೆರಾ ಚೀಲ ಅಲ್ಮಾರಿ ಸೇರುತ್ತದೆ. ಸರಿಯಾಗಿ ಆಗಲೇ ಮಳೆ ಹಿಡಿಯುತ್ತದೆ. ಬೇಸಿಗೆಯಲ್ಲಾದರೂ ಭಯವಿಲ್ಲ ಎನ್ನುವಂತಿಲ್ಲ. ನಾವು ನೀರು ತುಂಬಿಸುವ ಕೂಲರ್ ಹಾಕಿ ಕಿಟಕಿ ಮುಚ್ಚಿ ಮಲಗುತ್ತೇವೆ. ಹೊರಗೆ ಬಿಸಿಗಾಳಿ ಬೀಸುತ್ತಿದ್ದರೂ ಆ ಕೋಣೆಯಲ್ಲಿ ತೇವಾಂಶ ಅಳೆಯುವ ಹೈಗ್ರೋಮೀಟರಿನ ಅಂಕಿ ಸರಸರನೆ ಏರುವುದನ್ನು ನೋಡಿದ್ದೇನೆ. ಆದ್ದರಿಂದ ಕೂಲರ್ ಇರುವ ಕೋಣೆಯಲ್ಲಿ ಲೆನ್ಸ್ ಬಿಚ್ಚಿಡಬೇಡಿ.

ಖರ್ಚು ಕಡಿಮೆಯ ದಾರಿ ಇದು: ಮುಚ್ಚಳಕ್ಕೆ ರಬ್ಬರ್ ಅಂಚಿರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು, ಒಂದು ಪುಟ್ಟ ಡಿಜಿಟಲ್ ಹೈಗ್ರೋಮೀಟರ್. ಅಂಕಿ 40ರಿಂದ 50ರ ನಡುವೆ ಇರಲಿ. ಬಹುಕಾಲ 30ಕ್ಕಿಂತ ಕೆಳಗಿದ್ದರೆ ರಬ್ಬರಿಗೂ ಒಳಗಿನ ಗ್ರೀಸಿಗೂ ಒಳ್ಳೆಯದಲ್ಲ. ಜೆಲ್ ತೇವ ಕುಡಿದಾಗ ಬಣ್ಣ ಬದಲಿಸುತ್ತದೆ: ನೀಲಿಯದು ಗುಲಾಬಿಯಾಗುತ್ತದೆ, ಕಿತ್ತಳೆಯದು ಹಸಿರಾಗುತ್ತದೆ. ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿಯದರಲ್ಲಿ ವಿಷಕಾರಿಯಾದ ಕೋಬಾಲ್ಟ್ ಇರುವುದರಿಂದ ನಾನು ಕಿತ್ತಳೆಯದನ್ನೇ ಕೊಳ್ಳುತ್ತೇನೆ. ಯಾವುದೇ ಆದರೂ ಅಡುಗೆ ಪಾತ್ರೆಯಲ್ಲಿ ಕಾಯಿಸಬೇಡಿ. ಲೆನ್ಸನ್ನು ಅಕ್ಕಿಯಲ್ಲಿ ಹೂತಿಡುವುದೂ ಬೇಡ, ಅದರ ಹಿಟ್ಟಿನ ದೂಳು ಲೆನ್ಸಿನೊಳಗೆ ಸೇರುತ್ತದೆ. ಚರ್ಮದ ಚೀಲ ಒಯ್ಯುವುದಕ್ಕೆ ಮಾತ್ರ.

ಬೀದರಿನ ನರಸಿಂಹ ಝರಣಿಗೆ ಕ್ಯಾಮೆರಾ ಒಯ್ಯುವವರಿಗೆ ಒಂದು ಮಾತು. ಸುರಂಗದಲ್ಲಿ ನೀರಿನೊಳಗೇ ನಡೆದು ದೇವರ ದರ್ಶನ ಮಾಡಬೇಕು, ಒಳಗಿನ ಗಾಳಿಯೆಲ್ಲ ಹಸಿ. ಅಲ್ಲಿಂದ ಬಂದ ಲೆನ್ಸನ್ನು ಹಾಗೆಯೇ ಡಬ್ಬಿಗೆ ಹಾಕಿ ಮುಚ್ಚಿದರೆ ತೇವವನ್ನೂ ಜೊತೆಗೆ ಮುಚ್ಚಿಟ್ಟಂತೆ. ಒರೆಸಿ, ಫ್ಯಾನಿನ ಗಾಳಿಗೆ ಕೆಲವು ಗಂಟೆ ಬಿಟ್ಟು ಆಮೇಲೆ ಇಡಿ.

ಲೆನ್ಸನ್ನು ಬಿಸಿಲಿಗಿಟ್ಟರೆ ಫಂಗಸ್ ಸಾಯುತ್ತದೆ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅತಿನೇರಳೆ ಕಿರಣಗಳ ದೊಡ್ಡ ಪಾಲನ್ನು ಗಾಜೇ ತಡೆಯುತ್ತದೆ; ಲೆನ್ಸ್ ಬಿಸಿಲನ್ನು ಒಂದೆಡೆ ಕೇಂದ್ರೀಕರಿಸಿ ಬೆಂಕಿ ಹೊತ್ತಿಸಬಲ್ಲದು. ಅದಕ್ಕಿಂತ ವಾರಕ್ಕೊಮ್ಮೆ ಹೊರತೆಗೆದು ನಾಲ್ಕು ಫೋಟೊ ತೆಗೆಯಿರಿ.

ತಂದೆಯವರ ಲೆನ್ಸ್ ವರ್ಷಗಟ್ಟಲೆ ಚರ್ಮದ ಚೀಲದಲ್ಲಿತ್ತು ಎಂದಿದ್ದೀರಿ. ಇಂದೇ ಪರೀಕ್ಷಿಸಿ. ಎರಡೂ ಕಡೆಯ ಮುಚ್ಚಳ ತೆಗೆದು, ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಹಿಡಿಯಿರಿ. ಚುಕ್ಕಿಗಳಷ್ಟೇ ಕಂಡರೆ ಅದು ದೂಳು, ಚಿಂತೆಯಿಲ್ಲ. ಅಂಚಿನಿಂದ ಒಳಕ್ಕೆ ಗರಿಕೆ ಬೇರಿನಂತೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್. ಆಗ ಬೇರೆ ಡಬ್ಬಿಯಲ್ಲಿಟ್ಟು ಲೆನ್ಸ್ ಬಿಚ್ಚಬಲ್ಲ ರಿಪೇರಿಯವರ ಬಳಿ ಒಯ್ಯಿರಿ, ಮಳೆಗಾಲ ಮುಗಿಯಲಿ ಎಂದು ಕಾಯಬೇಡಿ. ಎಳೆ ಹೊಸದಿದ್ದರೆ ಒರೆಸಿದಾಗ ಹೋಗುತ್ತದೆ. ತಡವಾದರೆ ಅದು ಸ್ರವಿಸುವ ಆಮ್ಲ ಗಾಜಿನ ಲೇಪನವನ್ನು ತಿಂದು ಹಾಕುತ್ತದೆ, ಆ ಗುರುತನ್ನು ಯಾರೂ ಒರೆಸಲಾರರು.