ಎರಡು ಪೀಕ್ ಒಂದಾದರೆ ಫೆರೋಎಲೆಕ್ಟ್ರಿಕ್ ಗುಣ ಸತ್ತಂತೆಯೇ?

ಪತ್ರ: ಬೇರಿಯಂ ಟೈಟನೇಟ್ ಪುಡಿಯನ್ನು ನೀರು ಹಾಕಿ ಬಾಲ್ ಮಿಲ್‌ನಲ್ಲಿ 20 ಗಂಟೆ ಅರೆದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್ ಕಿರಣ ಹಾಯಿಸಿ ಹರಳಿನ ರಚನೆ ತಿಳಿಯುವ ಪರೀಕ್ಷೆ) 45 ಡಿಗ್ರಿ ಕೋನದ ಬಳಿ ಎರಡಾಗಿದ್ದ ಪೀಕ್ ಒಂದೇ ಆಗಿದೆ. 1000 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟ ಪೆಲೆಟ್ಟಿನ (ಪುಡಿ ಒತ್ತಿ ಮಾಡಿದ ಬಿಲ್ಲೆ) ಡೈಎಲೆಕ್ಟ್ರಿಕ್ ಸ್ಥಿರಾಂಕವೂ (ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯದ ಅಳತೆ) ಕುಸಿದಿದೆ. ಕಣ ಸಣ್ಣದಾಗಿ ಫೆರೋಎಲೆಕ್ಟ್ರಿಕ್ ಗುಣವೇ (ತಾನಾಗಿಯೇ ಉಳಿಯುವ, ವಿದ್ಯುತ್ ಕ್ಷೇತ್ರದಿಂದ ದಿಕ್ಕು ತಿರುಗಿಸಬಹುದಾದ ಧ್ರುವೀಕರಣ) ಹೋಯಿತೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ತುಮಕೂರು

ಸಂಪಾದಕರ ಉತ್ತರ: ಅಷ್ಟು ಬೇಗ ತಿಥಿ ಮಾಡಬೇಡಿ. ಕೋಣೆಯ ತಾಪದಲ್ಲಿ ಈ ಹರಳಿನ ಘಟಕಕೋಶ (ಮತ್ತೆ ಮತ್ತೆ ಜೋಡಿಸಿದರೆ ಹರಳಾಗುವ ಅತಿ ಚಿಕ್ಕ ತುಣುಕು) ಒಂದು ದಿಕ್ಕಿಗೆ ಶೇ. 1ರಷ್ಟು ಮಾತ್ರ ಉದ್ದ. ತಾಮ್ರದ ಎಕ್ಸ್ ಕಿರಣದಲ್ಲಿ ಅದು ಎರಡು ಪೀಕ್‌ಗಳ ನಡುವೆ ಅರ್ಧ ಡಿಗ್ರಿ ಅಂತರವಾಗಿ ಕಾಣುತ್ತದೆ. ಹರಳು 20 ನ್ಯಾನೋಮೀಟರಿಗೆ ಇಳಿದರೆ, ಷೆರರ್ ಸೂತ್ರದಂತೆ ಒಂದೊಂದು ಪೀಕೂ ಸುಮಾರು 0.43 ಡಿಗ್ರಿ ಅಗಲವಾಗುತ್ತದೆ. ಬೆಸೆದುಕೊಳ್ಳದೆ ಇನ್ನೇನಾದೀತು? ಅರೆಯುವಾಗ ಹರಳಿನೊಳಗೆ ಕೂತ ಬಿಗಿತವೂ ಅಗಲ ಹೆಚ್ಚಿಸುತ್ತದೆ. ಪುಡಿಯನ್ನು 600–700 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ನೋಡಿ. ರಾಮನ್ ಉಪಕರಣ (ಚದುರಿದ ಲೇಸರ್ ಬೆಳಕಿನಿಂದ ಹರಳಿನ ಕಂಪನ ಅಳೆಯುವಂಥದ್ದು) ಸಿಕ್ಕರೆ 305 cm⁻¹ ಬಳಿಯ ಚೂಪಾದ ಪೀಕ್ ಹುಡುಕಿ. ಅದಿದ್ದರೆ ಟೆಟ್ರಾಗೊನಲ್ ರಚನೆ, ಅಂದರೆ ಫೆರೋಎಲೆಕ್ಟ್ರಿಕ್ ಗುಣದ ಜೊತೆಗೇ ಬರುವ ಆ ಒಂದು ದಿಕ್ಕಿನ ಉದ್ದ, ಉಳಿದಿದೆ.

ನೀರಿನಲ್ಲಿ ಅರೆದದ್ದು ಮಾತ್ರ ತಪ್ಪು. ಬೇರಿಯಂ ನೀರಿಗೆ ಬಿಟ್ಟುಕೊಂಡು ಕಾರ್ಬೊನೇಟ್ ಆಗುತ್ತದೆ. ಎಕ್ಸ್‌ಆರ್‌ಡಿಯಲ್ಲಿ 24 ಡಿಗ್ರಿ ಬಳಿ ಪುಟ್ಟ ಪೀಕ್ ಇದೆಯೇ ನೋಡಿ. ಐಸೊಪ್ರೊಪನಾಲ್ ಬಳಸಿ.

ಸ್ಥಿರಾಂಕದ ಕುಸಿತಕ್ಕೆ ನಮ್ಮ ಮೊದಲ ಅನುಮಾನ ರಂಧ್ರಗಳ ಮೇಲೆ. ಪೂರ್ಣ ಸಾಂದ್ರತೆ ಘನ ಸೆಂಟಿಮೀಟರಿಗೆ 6.02 ಗ್ರಾಂ, ನಿಮ್ಮ ಪೆಲೆಟ್ 5.7 ದಾಟದಿದ್ದರೆ ಗಾತ್ರದ ಮಾತೇ ಬೇಡ. ಸುಮಾರು 1300 ಡಿಗ್ರಿಗೆ ಏರಿಸಿ, ತಡಮಾಡದೆ 150 ಡಿಗ್ರಿಯಷ್ಟು (ಸುಮಾರು 1150ಕ್ಕೆ) ಇಳಿಸಿ ಗಂಟೆಗಟ್ಟಲೆ ಹಿಡಿದರೆ ಗ್ರೇನ್ (ಪೆಲೆಟ್ಟಿನೊಳಗಿನ ಒಂದೊಂದು ಹರಳುಕಣ) ಹೆಚ್ಚು ಬೆಳೆಯದೆ ಪೆಲೆಟ್ ಗಟ್ಟಿಯಾಗುತ್ತದೆ.

ಗಟ್ಟಿ ಪೆಲೆಟ್ಟಿನಲ್ಲಿ ಗಾತ್ರದ ಆಟ ನೇರವಾದದ್ದಲ್ಲ. ದಪ್ಪ ಗ್ರೇನಿನಲ್ಲಿ ಸ್ಥಿರಾಂಕ 1500–2000. ಗ್ರೇನ್ ಒಂದು ಮೈಕ್ರಾನಿಗೆ ಇಳಿದಾಗ 5000ದವರೆಗೂ ಏರುತ್ತದೆ. ಡೊಮೈನ್‌ಗಳು (ಧ್ರುವೀಕರಣ ಒಂದೇ ದಿಕ್ಕಿಗಿರುವ ಭಾಗಗಳು) ಕಿರಿದಾಗಿ, ಅವುಗಳ ನಡುವಿನ ಅಲುಗಾಡುವ ಗೋಡೆಗಳು ಒತ್ತಾಗುವುದು ಇದಕ್ಕೆ ಮುಖ್ಯ ಕಾರಣ. ಇನ್ನೂ ಸಣ್ಣದಾದರೆ ಇಳಿಕೆ: ಗ್ರೇನ್ ಗಡಿಯ, ಸ್ಥಿರಾಂಕ ಕಡಿಮೆಯಿರುವ ಪದರದ ಪಾಲು ಹೆಚ್ಚುತ್ತದೆ, 120 ಡಿಗ್ರಿ ತಾಪದಲ್ಲಿ ಸ್ಥಿರಾಂಕ ತೋರುವ ಉಬ್ಬು ಚಪ್ಪಟೆಯಾಗುತ್ತದೆ.

‘ಇಷ್ಟು ನ್ಯಾನೋಮೀಟರಿಗೆ ಮುಗಿಯಿತು’ ಎಂಬ ಒಂದೇ ಗಡಿ ಇಲ್ಲ. ಮೇಲ್ಮೈಯಲ್ಲಿ ಉಳಿದ ವಿದ್ಯುದಂಶ ಒಳಗಿನ ಧ್ರುವೀಕರಣವನ್ನೇ ಹಿಂದಕ್ಕೆ ತಳ್ಳುತ್ತದೆ. ಅದನ್ನು ಎಲೆಕ್ಟ್ರೋಡ್ ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಲೆಡ್ ಟೈಟನೇಟ್ ಪದರ ಬರೀ ಮೂರು ಕೋಶ, ಅಂದರೆ 1.2 ನ್ಯಾನೋಮೀಟರ್ ದಪ್ಪದಲ್ಲೂ ಫೆರೋಎಲೆಕ್ಟ್ರಿಕ್ ಎಂದು 2004ರಲ್ಲೇ ಕಂಡುಬಂತು. ಹಾಫ್ನಿಯಂ ಆಕ್ಸೈಡಿನದಂತೂ ಉಲ್ಟಾ ಕಥೆ: ಆ ಗುಣ ಬೆಳಕಿಗೆ ಬಂದದ್ದೇ 10 ನ್ಯಾನೋಮೀಟರ್ ಆಸುಪಾಸಿನ ಪದರಗಳಲ್ಲಿ, 2011ರಲ್ಲಿ.

ಅಳೆಯುವ ಮುನ್ನ ಪೆಲೆಟ್ಟನ್ನು 150 ಡಿಗ್ರಿಯಲ್ಲಿ ಒಣಗಿಸಿ. ತುಮಕೂರಿನ ಒಣಹವೆಯನ್ನು ನಂಬಿ ಕೂರಬೇಡಿ, ಸಣ್ಣ ಕಣ ತೇವ ಹೀರುತ್ತದೆ. 100 ಹರ್ಟ್ಸ್‌ನಲ್ಲಿ ಸ್ಥಿರಾಂಕ ದಿಢೀರ್ ಏರಿ, ಜೊತೆಗೆ ಲಾಸ್ (ಶಾಖವಾಗಿ ಪೋಲಾಗುವ ವಿದ್ಯುತ್ ಶಕ್ತಿ) ಕೂಡ ಏರಿದ್ದರೆ, ನೀವು ಅಳೆದದ್ದು ಬಹುಪಾಲು ನೀರನ್ನು.